ಇಮಾನ ಸಾಹೇಬರ ಭಗಣ

ಅವರ ಬಲಗೈ ತೋರುಬೆರಳಿನ ಉಗುರು ಅರ್ಧ ಕಪ್ಪು. ಯಾವುದೋ ಕಾಲದಲ್ಲಿ ಟ್ರಾನ್ಸ್‌ಮಿಟರಿನ ಕಬ್ಬಿಣದ ಬಾಗಿಲ ಸಂದಿಗೆ ಸಿಕ್ಕು ಜಜ್ಜಿಹೋಗಿದ್ದ ಉಗುರು ಮತ್ತೆ ಬೆಳೆಯುವಾಗ ಹಾಗೆ ಎರಡು ಬಣ್ಣದಲ್ಲಿ ಬೆಳೆದಿತ್ತು. ಆ ಬೆರಳು ಸುಮ್ಮನಿದ್ದದ್ದನ್ನು ನಾನು ನೋಡಿದ್ದು ಕಡಿಮೆ. ಚಹಾದ ಲೋಟದ ಅಂಚು, ಸೈಕಲ್ಲಿನ ಹ್ಯಾಂಡಲ್ಲು, ಬಸ್ಸಿನ ಕಿಟಕಿಯ ಸರಳು, ಏನೂ ಸಿಗದಿದ್ದರೆ ತಮ್ಮದೇ ಮೊಣಕಾಲು, ಯಾವುದಾದರೂ ಒಂದರ ಮೇಲೆ ಅದು ಆಡುತ್ತಲೇ ಇರುತ್ತಿತ್ತು. ಎರಡು ಸಲ ಮುಟ್ಟಿ ಬಿಡುವುದು. ಒಂದು ಕ್ಷಣ ತಡೆಯುವುದು. ಒಂದು ಸಲ ಒತ್ತಿ ಹಿಡಿದು, ಮತ್ತೆ ಎರಡು ಸಲ ಮುಟ್ಟಿ ಬಿಡುವುದು. ಇಷ್ಟೇ, ಬೆಳಗಿನಿಂದ ಸಂಜೆಯವರೆಗೆ.

ನನ್ನ ಮಗಳನ್ನು ತೊಟ್ಟಿಲಿಗೆ ಹಾಕುವ ದಿನ ಅವರು ನನ್ನೊಡನೆ ಮುದ್ದೇಬಿಹಾಳಕ್ಕೆ ಬಂದಿದ್ದರು. ಅದು ನನ್ನ ಹೆಂಡತಿಯ ತವರು. ಮರಳಿ ಬರುವಾಗ ಹೂವಿನ ಹಿಪ್ಪರಗಿಯಲ್ಲಿ ಬಸ್ ಹತ್ತಿದ ಒಬ್ಬ ಮುದುಕಿ, ಕಣ್ಣು ಮುಚ್ಚಿ ಬೆರಳಾಡಿಸುತ್ತಿದ್ದ ಇವರನ್ನು ನೋಡಿದ್ದೇ, "ಆಚಾರ್ರು ಜಪದಾಗ ಅದಾರ, ಗದ್ದಲ ಮಾಡಬ್ಯಾಡ್ರಿ" ಎಂದು ಸುತ್ತಲಿನವರನ್ನೆಲ್ಲ ಗದರಿಸಿದಳು. ಬಸವನ ಬಾಗೇವಾಡಿ ಬರುವ ತನಕ ನಮ್ಮ ಆಜುಬಾಜಿನ ನಾಲ್ಕು ಸೀಟಿನಲ್ಲಿ ಯಾರೂ ಕೆಮ್ಮಲೂ ಇಲ್ಲ. ಇಳಿದ ಮೇಲೆ ನಾನು ಹೊಟ್ಟೆ ಹಿಡಿದುಕೊಂಡು ನಕ್ಕರೆ ಅವರು ನಗಲಿಲ್ಲ. "ಆಕಿ ತಪ್ಪೇನು ಹೇಳ್ಯಾಳ? ಅದೂ ಒಂದು ಜಪ" ಎಂದರು.

ಅದು ಎಪ್ಪತ್ತರ ದಶಕ. ಇಂಡಿ ಊರಿನಿಂದ ಝಳಕಿಗೆ ಹೋಗುವ ದಾರಿಯಲ್ಲಿ, ಹುಲ್ಲೂ ಸರಿಯಾಗಿ ಬೆಳೆಯದ ಗರಸು ದಿನ್ನೆಯ ಮೇಲೆ ನಮ್ಮ ಠಾಣೆ ಇತ್ತು. ಎರಡು ಕೋಣೆ, ಹಿಂದೆ ಡೀಸೆಲ್ ಎಂಜಿನ್ನಿನ ಶೆಡ್ಡು, ಅದರಾಚೆ ಸಾಹೇಬರ ಮನೆ, ಮುಂದೆ ಎರಡು ಎತ್ತರದ ಕಂಬ, ಕಂಬದಿಂದ ಕಂಬಕ್ಕೆ ಎಳೆದ ತಂತಿ. ವಿಮಾನ ಇಲಾಖೆಯ ಕಚೇರಿ ಎಂದು ಬೋರ್ಡಿತ್ತು, ಆದರೆ ಅಲ್ಲಿ ಒಂದೇ ಒಂದು ವಿಮಾನವೂ ಇಳಿಯುತ್ತಿರಲಿಲ್ಲ. ಸುತ್ತಲಿನ ಜನಕ್ಕೆ ಇದೊಂದು ದೊಡ್ಡ ಒಗಟಾಗಿತ್ತು. ನಮ್ಮ ಕಡೆಯ ಬಾಯಲ್ಲಿ ವಿಮಾನ ಇಮಾನ ಆಗುತ್ತದೆ; ಹಾಗಾಗಿ ಅಲ್ಲಿನ ಇಂಜಿನಿಯರು 'ಇಮಾನ ಸಾಹೇಬ್ರು' ಆಗಿದ್ದರು. ನನ್ನ ಪಾಲಿಗೆ ಬರೀ ಸಾಹೇಬರು.

ದಿನ್ನೆಯ ಮೇಲೆ ಕುರಿ ಮೇಯಿಸಲು ಬರುತ್ತಿದ್ದ ಒಬ್ಬ ಕುರುಬ ಹಿರಿಯ ಒಂದು ದಿನ ಧೈರ್ಯ ಮಾಡಿ ಬೇಲಿಯ ಹತ್ತಿರ ಬಂದು ಕೇಳಿಯೇಬಿಟ್ಟ.

"ಸಾಹೇಬ್ರ, ಇಮಾನ ಎಲ್ಲಿ ಕಟ್ಟೀರಿ?"

"ಮ್ಯಾಲೆ ಮೇಯ್ಲಿಕ್ಕೆ ಬಿಟ್ಟೇವಿ," ಎಂದರು ಸಾಹೇಬರು. "ಮೋಡದಾಗ ಹಾದಿ ತಪ್ಪಬಾರದಂತ ಇಲ್ಲಿಂದ ಕೂಗ್ತೇವಿ."

ಅವನು ಕಂಬ ನೋಡಿದ, ತಂತಿ ನೋಡಿದ, ಗಂಭೀರವಾಗಿ ತಲೆಯಾಡಿಸಿದ. "ಕೂಗಬೇಕ್ರಿ. ನಾನೂ ಕೂಗತೇನಿ. ಆದ್ರ ನನ್ನ ದನಿ ಬಿಟ್ಟು ಬ್ಯಾರೇದವರು ಕೂಗಿದ್ರ ಅವು ಬರೂದಿಲ್ಲ."

ಸಾಹೇಬರು ಒಳಗೆ ಬಂದು ಕುರ್ಚಿಯಲ್ಲಿ ಕೂತು, "ಮಿಸ್ತ್ರಿ, ನಮ್ಮ ಇಡೀ ಟ್ರೇನಿಂಗು ಆ ಮನಷ್ಯಾ ಎರಡು ಮಾತಿನಾಗ ಹೇಳಿಬಿಟ್ಟ" ಎಂದರು. ನಾನು ಹೂಂ ಎಂದೆ. ಆದರೆ ಆ ಮಾತು ನನ್ನ ತಲೆಯೊಳಗೆ ಇಳಿಯಲು ಇನ್ನೂ ಒಂದು ವರ್ಷ ಬೇಕಾಯಿತು.

ಅವನು ಹೇಳಿದ್ದೇನು ಎಂಬುದನ್ನು ಬಿಡಿಸಿ ಹೇಳುತ್ತೇನೆ. ಮೋಡದ ಮೇಲೆ ಹಾರುವ ಪೈಲಟ್‌ಗೆ ಆಗ ನೆಲ ಕಾಣುತ್ತಿರಲಿಲ್ಲ. ನಮ್ಮ ತಂತಿಯಿಂದ ಹೊರಡುವ ರೇಡಿಯೋ ಅಲೆಯನ್ನು ಅವನ ಮುಂದಿನ ಮುಳ್ಳು ಹಿಡಿದು, ನಮ್ಮ ಕಡೆ ತಿರುಗಿ ನಿಲ್ಲುತ್ತಿತ್ತು. ಆದರೆ ಮುಳ್ಳು ಬರೀ ದಿಕ್ಕು ತೋರಿಸುತ್ತದೆ, ಆ ದಿಕ್ಕಿನಲ್ಲಿ ಇರುವವರು ಯಾರು ಎಂದು ಹೇಳುವುದಿಲ್ಲ. ಅದಕ್ಕಾಗಿ ಪ್ರತಿಯೊಂದು ಠಾಣೆಯೂ ತನ್ನ ಹೆಸರಿನ ಒಂದೆರಡು ಅಕ್ಷರಗಳನ್ನು ಮೋರ್ಸ್ ಸಂಕೇತದಲ್ಲಿ ಕೂಗುತ್ತಲೇ ಇರಬೇಕು. ನಮ್ಮದು ಐ ಮತ್ತು ಡಿ. ಪೈಲಟ್ ಅದನ್ನು ಕಿವಿಯಲ್ಲಿ ಕೇಳಿ, ತನ್ನ ನಕ್ಷೆಯಲ್ಲಿ ನೋಡಿ, ಹೌದು, ನಾನು ಇಂಡಿಯ ಮೇಲಿದ್ದೇನೆ ಎಂದು ಖಾತ್ರಿ ಮಾಡಿಕೊಳ್ಳುತ್ತಿದ್ದ. ಸಾಹೇಬರ ಬೆರಳು ಜಪಿಸುತ್ತಿದ್ದದ್ದು ಈ ಎರಡು ಅಕ್ಷರವನ್ನೇ.

ನಾನು ಅಲ್ಲಿ ಸೇರಿದಾಗ ನನಗೆ ಇಪ್ಪತ್ತಾರು. ಅದಕ್ಕೆ ಮೊದಲು ಸಿಂದಗಿಯ ಬಸ್ ಸ್ಟ್ಯಾಂಡ್ ಎದುರು ರೇಡಿಯೋ ರಿಪೇರಿ ಅಂಗಡಿ ಇಟ್ಟಿದ್ದೆ. ಕೆಟ್ಟ ರೇಡಿಯೋದ ಬೆನ್ನಿಗೆ ಒಂದು ಗುದ್ದು ಕೊಟ್ಟು ಅದರ ರೋಗ ಹೇಳುತ್ತಿದ್ದೆ ಎಂದು ತಾಲೂಕಿಗೆಲ್ಲ ಹೆಸರಾಗಿತ್ತು. ಆ ಹೆಸರನ್ನು ಹಬ್ಬಿಸಿದವನೂ ಮುಖ್ಯವಾಗಿ ನಾನೇ. ಡಿಪ್ಲೊಮಾ ಇತ್ತು, ಸರಕಾರಿ ಕರೆ ಬಂತು, ಅಂಗಡಿ ಮುಚ್ಚಿ ಬಂದೆ. ಬಂದ ದಿನವೇ ಟ್ರಾನ್ಸ್‌ಮಿಟರಿನ ಬೆನ್ನಿಗೆ ಕೈ ಎತ್ತಿದ್ದನ್ನು ನೋಡಿ ಸಾಹೇಬರು ನನಗೆ ಮಿಸ್ತ್ರಿ ಎಂದು ಹೆಸರಿಟ್ಟರು. ಪ್ರೀತಿಯಿಂದ ಇದ್ದರೆ ಮಿಸ್ತ್ರಿಯ ಜೊತೆ 'ನೀ' ಬರುತ್ತಿತ್ತು. ಸಿಟ್ಟು ಬಂದರೆ ನನಗೆ ಬಹುವಚನ ಸಿಗುತ್ತಿತ್ತು.

ಮೋರ್ಸ್ ನನ್ನ ಕಿವಿಗೆ ಹತ್ತಲೇ ಇಲ್ಲ. ಸಾಹೇಬರು ವೈಷ್ಣವರ ಮನೆತನದವರು. ಮನೆಯಲ್ಲಿ ಅರ್ಧ ಮರಾಠಿ, ಅರ್ಧ ಕನ್ನಡ. ತಂದೆ ಕನ್ನಡ ಸಾಲಿ ಮಾಸ್ತರರು, ಮಗನಿಗೆ ಛಂದಸ್ಸು ಬಾಯಿಪಾಠ ಮಾಡಿಸಿದವರು. ಒಂದು ವಾರ ನನ್ನ ಒದ್ದಾಟ ನೋಡಿ ಸಾಹೇಬರು ಪುಸ್ತಕ ಮುಚ್ಚಿಟ್ಟರು. "ಸಾಲ್ಯಾಗ ಲಘು ಗುರು ಹಾಕೀಯೋ ಇಲ್ಲೋ?" ಎಂದರು. ಹಾಕಿದ್ದೆ. "ಹಂಗಾದ್ರ ಮುಗೀತು. ಸಣ್ಣ ಪಿ ಲಘು, ಉದ್ದ ಪೀ ಗುರು. ಐ ಅಂದ್ರ ಎರಡು ಲಘು. ಡಿ ಅಂದ್ರ ಒಂದು ಗುರು, ಎರಡು ಲಘು. ಯಾವ ಗಣ?"

"ಭಗಣ್ರಿ."

"ಶಾಬಾಸ್. ಪಿಪಿ... ಪೀಪಿಪಿ. ನಮ್ಮ ಠಾಣೆಗೆ ಭಗಣದ ಹೆಸರು ಅದ, ಮರೀಬ್ಯಾಡ."

ಹೀಗೆ ನಾಲ್ಕೇ ದಿನದಲ್ಲಿ ನಾನು ಇಪ್ಪತ್ತಾರು ಅಕ್ಷರ ಕಲಿತೆ. ಇಂಗ್ಲಿಷ್ ಅಕ್ಷರಗಳನ್ನು ಕನ್ನಡದ ಗಣ ಹಾಕಿ ವಿಮಾನಕ್ಕೆ ಕಳಿಸುವ ಠಾಣೆ ಈ ದೇಶದಲ್ಲಿ ನಮ್ಮದೊಂದೇ ಇತ್ತು ಎಂದು ನಾನು ಇಂದಿಗೂ ಎದೆಯುಬ್ಬಿಸಿ ಹೇಳುತ್ತೇನೆ.

ಅವರ ಕೆಲಸದ ರೀತಿ ಮಾತ್ರ ನನ್ನಂಥ ಅವಸರದವನಿಗೆ ಶಿಕ್ಷೆಯಾಗಿತ್ತು. ಯಂತ್ರವನ್ನು ಯಾವ ಕಾರಣಕ್ಕೆ ನಿಲ್ಲಿಸಿದರೂ, ಮತ್ತೆ ಚಾಲೂ ಮಾಡಿದ ಮೇಲೆ ಹೆಡ್‌ಫೋನ್ ಹಾಕಿಕೊಂಡು ಎರಡು ನಿಮಿಷ ಠಾಣೆಯ ಹೆಸರನ್ನು ಕೇಳಬೇಕು. ಆಮೇಲೆ ಲಾಗ್‌ಬುಕ್ಕಿನಲ್ಲಿ, ಹೆಸರು ಕೇಳಿದೆ, ಸರಿ ಇದೆ, ಎಂದು ಬರೆದು ಸಹಿ ಹಾಕಬೇಕು. ನಾನು ಕೇಳಿದ ಮೇಲೆ ಅವರೂ ಕೇಳಬೇಕು, ಅವರೂ ಸಹಿ ಹಾಕಬೇಕು. ದಿನಾ ಅದೇ ಐ, ಅದೇ ಡಿ. ಹೆಂಡತಿಯ ಹೆಸರನ್ನು ದಿನಾ ಕೇಳಿ ಖಾತ್ರಿ ಮಾಡಿಕೊಳ್ಳುವವರುಂಟೇ ಎಂದು ನಾನು ಗೊಣಗುತ್ತಿದ್ದೆ. ಅವರದು ಒಂದೇ ಮಾತು: "ಕೇಳಿದ ಮ್ಯಾಲೆ ಬರಿ. ಬರದ ಮ್ಯಾಲೆ ಕೇಳಬ್ಯಾಡ."

ಆ ವರ್ಷ ಖಂಡೇ ಪೂಜೆಯ ದಿನ. ಮಹಾನವಮಿಗೆ ರೈತ ಕುಡುಗೋಲು ತೊಳೆದರೆ, ಬಡಿಗ ಬಾಚಿ ತೊಳೆದರೆ, ನಾವು ಟ್ರಾನ್ಸ್‌ಮಿಟರ್ ತೊಳೆಯಬೇಡವೇ? ಮೊದಲೇ ತಿಳಿಸಿ ಅನುಮತಿ ಪಡೆದು ಬೆಳಿಗ್ಗೆ ಒಂದು ತಾಸು ಠಾಣೆಯನ್ನು ನಿಲ್ಲಿಸಿದ್ದೆವು. ಒರೆಸುವ ಕೆಲಸ ನನ್ನದು, ಪೂಜೆ ಸಾಹೇಬರದು. ನನಗೆ ಆ ತಿಂಗಳಲ್ಲೇ ನೌಕರಿ ಕಾಯಂ ಆಗುವ ಕಾಗದ ಬರುವುದಿತ್ತು. ಖುಷಿಯಲ್ಲಿ ಕೈಗೆ ಸಿಕ್ಕಿದ್ದನ್ನೆಲ್ಲ ಬಿಚ್ಚಿ ತಿಕ್ಕಿದೆ.

ಠಾಣೆಯ ಹೆಸರನ್ನು ಕೂಗಿಸುತ್ತಿದ್ದದ್ದು ಒಂದು ಹಿತ್ತಾಳೆಯ ಚಕ್ರ. ಅಂಗೈಯಷ್ಟು ಅಗಲ, ಅಂಚಿಗೆ ಹಲ್ಲು. ಸಣ್ಣ ಹಲ್ಲು ಬಂದರೆ ಪಿ, ಅಗಲದ ಹಲ್ಲು ಬಂದರೆ ಪೀ. ಅದು ಕಪ್ಪಾಗಿತ್ತು. ಬಿಚ್ಚಿ ಮನೆಯ ತಂಬಿಗೆಗೆ ಹಚ್ಚುವ ಹಾಗೆ ಹುಣಸೆಹಣ್ಣು, ಬೂದಿ ಹಚ್ಚಿ ತಿಕ್ಕಿದೆ. ಬಂಗಾರದ ಹಾಗೆ ಹೊಳೆಯಿತು. ಅದರ ಒಂದು ಮೈಗೆ ಸಾಹೇಬರು ಎಂದೋ ಇಟ್ಟಿದ್ದ ಕೆಂಪು ಬಣ್ಣದ ಚುಕ್ಕಿಯೂ ಕೊಳೆಯೇ ಇರಬೇಕೆಂದು ತಿಕ್ಕಿ ತೆಗೆದೆ. ಆ ಚುಕ್ಕಿಯ ಮೈ ಹೊರಗೆ ಬರಬೇಕು ಎಂಬ ಗುರುತು ಅದು. ಎರಡು ಮೈಯೂ ಒಂದೇ ತರಹ ಹೊಳೆಯುತ್ತಿದ್ದ ಚಕ್ರವನ್ನು ಕೂಡಿಸಿ, ಕುಂಕುಮ ಇಟ್ಟು, ಯಂತ್ರ ಚಾಲೂ ಮಾಡಿದೆ. ಮೀಟರಿನ ಮುಳ್ಳು ತನ್ನ ಜಾಗಕ್ಕೆ ಬಂದು ನಿಂತಿತು.

ಪಕ್ಕದ ಕೋಣೆಯಲ್ಲಿ ನಮ್ಮ ಹೆಸರನ್ನು ನಮಗೇ ಕೇಳಿಸುತ್ತಿದ್ದ ಒಂದು ಸ್ಪೀಕರ್ ಇತ್ತು. ಮಂತ್ರಕ್ಕೆ ಅಡ್ಡಿಯಾಗದಿರಲಿ ಎಂದು ಅದನ್ನು ಪೂರ್ತಿ ಸಣ್ಣ ಮಾಡಿದ್ದೆ. ಹೆಡ್‌ಫೋನ್ ಮೇಜಿನ ಮೇಲಿತ್ತು. ಸಾಹೇಬರ ಮನೆಯಿಂದ ಹೋಳಿಗೆಯ, ಕಟ್ಟಿನ ಸಾರಿನ ವಾಸನೆ ಬರುತ್ತಿತ್ತು. ನಾನು ಹೆಡ್‌ಫೋನ್ ಮುಟ್ಟದೆ ಲಾಗ್‌ಬುಕ್ ಎತ್ತಿಕೊಂಡು, ಹೆಸರು ಕೇಳಿದೆ, ಸರಿ ಇದೆ, ಎಂದು ಬರೆದು, ಮಡಿಯಲ್ಲಿ ನೈವೇದ್ಯಕ್ಕೆ ಹೊರಟಿದ್ದ ಸಾಹೇಬರ ಮುಂದೆ ಹಿಡಿದೆ.

"ಕೇಳಿದ್ಯಾ, ಮಿಸ್ತ್ರಿ?"

"ಕೇಳೇನ್ರಿ, ಸಾಹೇಬ್ರ."

ಅವರು ಸಹಿ ಹಾಕಿದರು. ಆಗ ಹನ್ನೊಂದು ಗಂಟೆ.

ಊಟ ಭರ್ಜರಿಯಾಯಿತು. ನಾನು ವೈನಿ ಎಂದು ಕರೆಯುತ್ತಿದ್ದ ಅವರ ಹೆಂಡತಿ ಬೇಡವೆಂದರೂ ಬಿಡದೆ ಹೋಳಿಗೆ ಬಡಿಸಿದರು. ಮೂರರ ಸುಮಾರಿಗೆ ಸಾಹೇಬರು ಎಲೆ ಅಡಿಕೆ ಹಾಕಿಕೊಂಡು ಠಾಣೆಗೆ ಬಂದು, ಕುರ್ಚಿಯಲ್ಲಿ ಕೂತು, ಸ್ಪೀಕರಿನ ಗುಂಡಿ ತಿರುವಿದರು. ಬೆರಳು ತಾನಾಗಿಯೇ ಮೇಜಿನ ಮೇಲೆ ಆಡತೊಡಗಿತು. ಬೆರಳು ಒಂದು ದಾರಿ ಹಿಡಿಯಿತು, ಸ್ಪೀಕರ್ ಇನ್ನೊಂದು ದಾರಿ ಹಿಡಿಯಿತು. ಪಿಪಿಪೀ... ಪಿಪಿ. ಬೆರಳು ಗಾಳಿಯಲ್ಲೇ ನಿಂತಿತು.

"ಮಿಸ್ತ್ರಿ," ಎಂದರು, "ಇದು ಯಾರ ಹೆಸರ್ರೀ?"

ಬಹುವಚನ ಕೇಳಿಯೇ ನಾನು ಯಂತ್ರದ ಹತ್ತಿರ ಓಡಿದೆ. ಚಕ್ರವನ್ನು ನಾನು ತಿರುವುಮುರುವಾಗಿ ಕೂಡಿಸಿದ್ದೆ. ಹಲ್ಲುಗಳು ಹಿಂದಿನದು ಮುಂದಾಗಿ ಬರುತ್ತಿದ್ದವು. ಐ ಡಿ ಹೋಗಿ ಯು ಐ ಆಗಿತ್ತು.

"ಭಗಣ ಹೋಗಿ ಸಗಣ ಆಗೇದ," ಎಂದರು ಅವರು. ಬೇರೆ ದಿನವಾಗಿದ್ದರೆ ನಗುತ್ತಿದ್ದೆ. ಆ ಶಬ್ದಕ್ಕೆ ಒಂದು ಗುಡಿಸು ಕೊಟ್ಟರೆ ನಮ್ಮ ಕಡೆ ಏನಾಗುತ್ತದೆಂದು ಎಲ್ಲರಿಗೂ ಗೊತ್ತು, ಮತ್ತು ನಾನು ಮಾಡಿಟ್ಟಿದ್ದು ಅದನ್ನೇ.

ಅವರು ಎದ್ದು ಹೋಗಿ ಮುಖ್ಯ ಸ್ವಿಚ್ ಇಳಿಸಿದರು. ಗುಂಯ್ ಎನ್ನುತ್ತಿದ್ದ ಯಂತ್ರ ಸುಮ್ಮನಾಯಿತು.

"ಸಾಹೇಬ್ರ, ಬಂದ್ ಯಾಕ ಮಾಡಿದ್ರಿ? ಚಕ್ರ ತಿರುವಿ ಹಾಕಿದ್ರ ಆತು. ಹತ್ತು ಮಿನಿಟಿನ ಕೆಲಸ ಐತಿ. ಯಾರೂ ಕೇಳಿಲ್ಲ, ಒಂದು ಫೋನೂ ಬಂದಿಲ್ಲ."

"ಚಕ್ರ ಆಮ್ಯಾಲೆ. ನಾಕು ತಾಸು ಸುಳ್ಳು ಹೆಸರು ಹೇಳೀವಿ ಅಂತ ಮೊದಲು ಹೇಳೋಣ. ತಪ್ಪು ಕೂಗೂದಕ್ಕಿಂತ ಸುಮ್ಮನ ಇರೂದು ಚಲೋ."

ದೊಡ್ಡ ವಿಮಾನ ನಿಲ್ದಾಣಕ್ಕೆ ಸುದ್ದಿ ಕಳಿಸಲು ನಮಗೆ ಇನ್ನೊಂದು ಸಣ್ಣ ರೇಡಿಯೋ ಇತ್ತು. ಅವರು ಅದರ ಮೋರ್ಸ್ ಬಡಿಯುವ ಕೀಲಿಯ ಮೇಲೆ ಬೆರಳಿಟ್ಟರು. ಹನ್ನೊಂದರಿಂದ ಮೂರರವರೆಗೆ ನಮ್ಮ ಠಾಣೆ ತನ್ನ ಹೆಸರನ್ನು ತಪ್ಪಾಗಿ ಹೇಳಿದೆ, ಈಗ ನಿಲ್ಲಿಸಿದ್ದೇವೆ, ನಮ್ಮನ್ನು ನಂಬಬೇಡಿ, ಎಂದು ಅಕ್ಷರ ಅಕ್ಷರವಾಗಿ ಕಳಿಸಿದರು. ಆಮೇಲೆ ಇಬ್ಬರೂ ಸೇರಿ ಚಕ್ರ ಸರಿಮಾಡಿದೆವು. ನಾನು ಎರಡು ನಿಮಿಷ ಕೇಳಿದೆ, ಅವರು ಎರಡು ನಿಮಿಷ ಕೇಳಿದರು. ಠಾಣೆ ಮತ್ತೆ ಸರಿಯಾಯಿತು ಎಂದು ಇನ್ನೊಂದು ಸುದ್ದಿ ಹೋಯಿತು. ಎಲ್ಲ ಮುಗಿಯಿತು ಎಂದುಕೊಂಡೆ. ಅವರು ಲಾಗ್‌ಬುಕ್ ನನ್ನ ಮುಂದೆ ಇಟ್ಟರು.

"ಬರೀರಿ."

"ಏನಂತ ಬರೀಲ್ರಿ?"

"ಏನಾತೋ ಅದನ್ನ. ಕೇಳದ ಕೇಳೀನಿ ಅಂತ ಬರದದ್ದೂ ಬರೀರಿ."

ನನಗೆ ಅಳು ಬಂತು. ಅಂಗಡಿ ಮುಚ್ಚಿದ್ದೆ, ಉಪಕರಣ ಮಾರಿದ್ದೆ, ಮನೆಯಲ್ಲಿ ಕೂಸು. ಕಾಯಂ ಆಗುವ ಮೊದಲು ಇಂಥದ್ದೊಂದು ಕಪ್ಪು ಚುಕ್ಕೆ ಬಿದ್ದರೆ ಮನೆಗೆ ಕಳಿಸಲು ಒಂದು ಕಾಗದ ಸಾಕು. "ಯಂತ್ರ ಕೆಟ್ಟಿತ್ತು ಅಂತ ಬರದ್ರ ಯಾರಿಗೇನು ನಷ್ಟ ಐತ್ರಿ? ನನ್ನ ಹೆಸರೊಂದು ಬಿಡ್ರಿ ಸಾಹೇಬ್ರ, ನಿಮ್ಮ ಕಾಲು ಬೀಳತೇನಿ," ಎಂದೆ.

ಅವರು ಯಂತ್ರದ ಕಡೆ ಬೆರಳು ತೋರಿಸಿದರು. "ಅದಕ್ಕ ಬಾಯಿ ಇಲ್ಲಂತ ಅದರ ಮ್ಯಾಲೆ ಹಾಕ್ತೀರಿ?" ಎಂದರು. "ಈ ಪುಸ್ತಕದಾಗ ಇವತ್ತ ಒಂದು ಸುಳ್ಳು ಬಿದ್ದದ. ಎರಡನೇದು ಬ್ಯಾಡ. ಬರೀರಿ."

ಬರೆದೆ. ಅದರ ಕೆಳಗೆ ಅವರು ತಮ್ಮ ದುಂಡು ಅಕ್ಷರದಲ್ಲಿ ಇನ್ನೊಂದು ಸಾಲು ಬರೆದರು: ನಾನೂ ಕೇಳಬೇಕಿತ್ತು, ಕೇಳದೆ ಸಹಿ ಹಾಕಿದೆ, ಹಿರಿಯನಾಗಿ ಹೊಣೆ ನನ್ನದು. ಆ ಸಾಲು ನನಗೆ ಆಗ ಕಾಣಲಿಲ್ಲ ಎನ್ನಬೇಕು. ಕಂಡದ್ದು ನನ್ನ ಮುಳುಗಿದ ನೌಕರಿ ಮಾತ್ರ. ಇವರೊಬ್ಬ ಕಲ್ಲು ಹೃದಯದ ಮನುಷ್ಯ ಎಂದು ನನ್ನ ಮನೆಯಿದ್ದ ಝಳಕಿಯವರೆಗೆ ಬೈಯುತ್ತಲೇ ಸೈಕಲ್ ತುಳಿದೆ.

ಮರುದಿನ ದಸರೆ. ನಮ್ಮ ಕಡೆ ಸಂಜೆಗೆ ಕಿರಿಯರು ಹಿರಿಯರ ಮನೆಗೆ ಹೋಗಿ ಬಂಗಾರವೆಂದು ಬನ್ನಿ ಎಲೆ ಕೊಟ್ಟು ಕಾಲು ಮುಟ್ಟಬೇಕು. ನಾನು ಹೋಗಲಿಲ್ಲ. ಬಾಗಿಲು ಹಾಕಿಕೊಂಡು ಮಲಗಿದ್ದೆ. ಕತ್ತಲಾಗುವ ಮುಂಚೆ ಹೊರಗೆ ಸೈಕಲ್ ನಿಂತ ಸಪ್ಪಳವಾಯಿತು. ಕದದ ಮೇಲೆ ಬೆರಳಿನ ಸದ್ದು. ಎರಡು, ಆಮೇಲೆ ಮೂರು. ತೆರೆದರೆ ಸಾಹೇಬರು, ತಲೆಗೆ ಟೊಪ್ಪಿಗೆ, ಕೈಯಲ್ಲಿ ಬನ್ನಿ. ಹಿರಿಯರು ಕಿರಿಯವನ ಹೊಸ್ತಿಲಿಗೆ ಬನ್ನಿ ತಂದದ್ದನ್ನು ನಾನು ಅದಕ್ಕೆ ಮೊದಲು ನೋಡಿರಲಿಲ್ಲ, ಆಮೇಲೂ ನೋಡಿಲ್ಲ.

"ಬಂಗಾರ ತಗೋ, ಮಿಸ್ತ್ರಿ. ನಾವು ನೀವು ಬಂಗಾರಧಂಗ ಇರೋಣು." ಎಲೆಗಳನ್ನು ನನ್ನ ಅಂಗೈಯಲ್ಲಿ ಇಟ್ಟು ಮುಷ್ಟಿ ಮುಚ್ಚಿದರು. "ನಿನ್ನೆ ನೀ ಬರದದ್ದು ಖರೇ ಬಂಗಾರ. ನನಗ ಸಿಟ್ಟು ಬಂದದ್ದು ಚಕ್ರಕ್ಕಲ್ಲ. ಚಕ್ರ ಯಾರೂ ತಿರುವಿ ಹಾಕಿಯಾರು. ಕೇಳೇನಿ ಅಂದ್ಯಲ್ಲಾ, ಅದಕ್ಕ." ನಾನು ಬಾಗಿ ಕಾಲು ಮುಟ್ಟಿದೆ. ಸಿಟ್ಟು ಇಳಿದಿತ್ತು, ಹೆದರಿಕೆ ಇಳಿದಿರಲಿಲ್ಲ.

ಹದಿನೈದು ದಿನದ ಮೇಲೆ ದೊಡ್ಡ ಕಚೇರಿಯಿಂದ ಅಧಿಕಾರಿಯೊಬ್ಬರು ಜೀಪಿನಲ್ಲಿ ಬಂದರು. ಮರಾಠಿಯವರು. ಸಾಹೇಬರೊಡನೆ ಮರಾಠಿಯಲ್ಲೇ ಮಾತಾಡಿದರು. ಸಿಂದಗಿಯ ಅಂಗಡಿಯಲ್ಲಿ ನಾನು ಕಲಿತ ಮರಾಠಿಗೆ ಅದು ಅರ್ಥವಾಗುವಷ್ಟಿತ್ತು. ಲಾಗ್‌ಬುಕ್ಕಿನ ಆ ಪುಟವನ್ನು ಎರಡು ಸಲ ಓದಿ, ಕನ್ನಡಕ ತೆಗೆದು, ಅವರು ಹೇಳಿದ್ದು ಇದು.

ಆ ದಿನ ಹನ್ನೆರಡೂವರೆಗೆ ಒಂದು ವಿಮಾನ ನಮ್ಮ ಮೇಲಿಂದ ಹೋಗಬೇಕಿತ್ತು. ಕೆಳಗೆ ಪೂರ್ತಿ ಮೋಡ. ಪೈಲಟ್ ಮುಳ್ಳನ್ನು ನೋಡಿದ, ಸರಿಯಾಗಿತ್ತು. ಹೆಸರು ಕೇಳಿದ, ಅದು ಅವನ ನಕ್ಷೆಯ ಆ ಭಾಗದಲ್ಲಿ ಎಲ್ಲೂ ಇರದ ಹೆಸರು. ತಾನು ದಾರಿ ಬಿಟ್ಟೆನೋ, ಯಂತ್ರ ಕೆಟ್ಟಿತೋ ತಿಳಿಯದೆ ನಮ್ಮನ್ನು ಕೈಬಿಟ್ಟು, ದೂರದ ಇನ್ನೊಂದು ಠಾಣೆಯನ್ನು ಹಿಡಿದು, ಸುತ್ತು ಹೊಡೆದು ತಡವಾಗಿ ಇಳಿದ. ಆ ಠಾಣೆ ತನ್ನ ಹೆಸರನ್ನು ತಪ್ಪಾಗಿ ಹೇಳುತ್ತಿತ್ತು ಎಂದ. ಯಾರೂ ನಂಬಲಿಲ್ಲ. ಠಾಣೆ ಎಂದಾದರೂ ತನ್ನ ಹೆಸರು ಮರೆಯುತ್ತದೆಯೇ? ಇವನ ಕಿವಿಯೋ ತಲೆಯೋ ಸರಿಯಿಲ್ಲ ಎಂದು, ಹಾರಾಟ ನಿಲ್ಲಿಸಿ ವಿವರಣೆ ಬರೆದುಕೊಡಲು ಹೇಳಿದರು. ಅವನು ಆ ಕಾಗದ ಬರೆಯುತ್ತ ಕೂತಿದ್ದಾಗಲೇ ನಮ್ಮ ಸುದ್ದಿ ಹೋಗಿ ಮುಟ್ಟಿತ್ತು.

"ನೀವು ಸುಮ್ಮನೆ ಚಕ್ರ ತಿರುವಿ ಹಾಕಿದ್ದರೆ ಅವನ ಮಾತಿಗೆ ಸಾಕ್ಷಿಯೇ ಇರುತ್ತಿರಲಿಲ್ಲ," ಎಂದರು ಅಧಿಕಾರಿ. ಸಾಹೇಬರು ನನ್ನ ಕಡೆ ನೋಡಲಿಲ್ಲ. ನೋಡದೇ ಇದ್ದದ್ದಕ್ಕೆ ನಾನು ಇಂದಿಗೂ ಋಣಿ. ಹತ್ತು ಮಿನಿಟಿನ ಕೆಲಸ, ಯಾರೂ ಕೇಳಿಲ್ಲ, ಎಂದವನು ನಾನು. ಒಬ್ಬ ಮನುಷ್ಯ ಸರಿಯಾಗಿ ಕೇಳಿದ್ದ, ಕೇಳಿದ್ದಕ್ಕೇ ಅನ್ನ ಕಳೆದುಕೊಳ್ಳುವವನಿದ್ದ. ನಾನು ಕೇಳದೆಯೇ ನನ್ನ ಅನ್ನ ಉಳಿಸಿಕೊಳ್ಳಲು ಹೊರಟಿದ್ದೆ. ಕುರುಬ ಹಿರಿಯನ ಮಾತು ಆಗ ತಲೆಗೆ ಇಳಿಯಿತು.

ನನಗೆ ಲಿಖಿತ ಎಚ್ಚರಿಕೆ ಸಿಕ್ಕಿತು, ಕಾಯಂ ಆಗುವುದು ಆರು ತಿಂಗಳು ಮುಂದೆ ಹೋಯಿತು. ನೌಕರಿ ಉಳಿಯಿತು. ತನ್ನ ತಪ್ಪನ್ನು ತಾನೇ ಬರೆದವನನ್ನು ಕಳೆದುಕೊಳ್ಳಬಾರದು ಎಂದು ಅಧಿಕಾರಿ ವರದಿಯಲ್ಲಿ ಬರೆದರಂತೆ. ಸಾಹೇಬರಿಗೆ ಬಡ್ತಿಯ ಮೇಲೆ ದೊಡ್ಡ ವಿಮಾನ ನಿಲ್ದಾಣಕ್ಕೆ ಹೋಗುವ ಆದೇಶ ಬರುವುದಿತ್ತು. ಲಾಗ್‌ಬುಕ್ಕಿನಲ್ಲಿ ಅವರು ಬರೆದ ಆ ಸಾಲಿನ ಕಾರಣಕ್ಕೆ ಅದು ನಿಂತುಹೋಯಿತು. ನನಗೆ ಅದನ್ನು ಹೇಳಿದವರು ವೈನಿ. ನಾನು ಮುಖ ಕೆಳಗೆ ಹಾಕಿಕೊಂಡು ಅವರ ಮುಂದೆ ನಿಂತರೆ ಸಾಹೇಬರು, "ಚಲೋನ ಆತು ಬಿಡು. ಅಲ್ಲಿ ಬರೇ ವಿಮಾನದ ಸಪ್ಪಳ. ನಮ್ಮ ಹೆಸರು ನಮಗ ಕೇಳಸ್ತಿರಲಿಲ್ಲ" ಎಂದರು.

ಸುದ್ದಿ ಊರಿಗೆ ಹಬ್ಬಲು ಎಷ್ಟು ಹೊತ್ತು? ಜೀಪು ನಿಂತದ್ದೇ ಝಳಕಿಯ ಚಹಾದಂಗಡಿ ಮುಂದೆ. ಅಂಗಡಿಯ ಮುದುಕ ಚಾಚಾ ಡ್ರೈವರನ ಬಾಯಿಂದ ಎಲ್ಲ ಹೊರಡಿಸಿದ್ದ. ಮಾರನೆಯ ದಿನ ಸಾಹೇಬರ ಮುಂದೆ ಲೋಟ ಇಡುತ್ತ, ಎಲ್ಲರಿಗೂ ಕೇಳುವ ಹಾಗೆ ಹೇಳಿದ: "ಇಷ್ಟು ದಿನಾ ಎಲ್ಲಾರೂ ಅಂತಾರಂತ ನಾನೂ ಇಮಾನ ಸಾಹೇಬ ಅಂತಿದ್ದೆ. ಇನ್ನ ಮ್ಯಾಲ ತಿಳದ ಅಂತೇನ್ರಿ." ಉರ್ದುವಿನಲ್ಲಿ ಇಮಾನ್ ಎಂದರೆ ನಂಬಿಕೆ, ಪ್ರಾಮಾಣಿಕತೆ. ನಮ್ಮ ಕಡೆ ಉರ್ದು ಅರಿಯದವನಿಗೂ ಆ ಶಬ್ದ ಗೊತ್ತು. ಸಾಹೇಬರು ನಾಚಿ ಚಹಾದ ಲೋಟದಲ್ಲಿ ಮುಖ ಮುಚ್ಚಿಕೊಂಡರು, ಬೆರಳು ಮಾತ್ರ ಲೋಟದ ಮೈಮೇಲೆ ಓಡುತ್ತಿತ್ತು.

ಆಮೇಲೆ ನಾನು ಅವರ ಕೈಕೆಳಗೆ ಐದು ವರ್ಷ ದುಡಿದೆ. ಪರೀಕ್ಷೆ ಕಟ್ಟಿಸಿದರು, ಫೇಲಾದಾಗ ಬೈದರು, ಪಾಸಾದಾಗ ವೈನಿಯಿಂದ ಕರಿಗಡಬು ಮಾಡಿಸಿದರು. ಇಂಜಿನಿಯರಾಗಿ ದೊಡ್ಡ ನಿಲ್ದಾಣಗಳನ್ನು ಕಂಡೆ; ರಡಾರ್ ನೋಡಿದೆ, ಮೋಡದೊಳಗಿಂದ ವಿಮಾನವನ್ನು ಕೈಹಿಡಿದು ನೆಲಕ್ಕೆ ಇಳಿಸುವ ಯಂತ್ರಗಳನ್ನು ಸಂಭಾಳಿಸಿದೆ. ಆ ಯಂತ್ರಗಳಿಗೆ ಒಂದು ಗುಣವಿತ್ತು: ತಾನು ತಪ್ಪು ಹೇಳುತ್ತಿದ್ದೇನೆ ಎಂದು ಅನುಮಾನ ಬಂದರೆ ತಾನೇ ಬಾಯಿ ಮುಚ್ಚಿಕೊಳ್ಳುತ್ತಿದ್ದವು. ಡಿಗ್ರಿ ಮುಗಿಸಿ ಬಂದ ಹುಡುಗ ಹುಡುಗಿಯರು ಅದನ್ನು ಹೊಸ ವಿದ್ಯೆಯೆಂದು ನನಗೆ ವಿವರಿಸುತ್ತಿದ್ದರು. ನಾನು ಅವರನ್ನು ಕೂಡಿಸಿಕೊಂಡು ಝಳಕಿಯ ದಿನ್ನೆಯ ಕಥೆ ಹೇಳುತ್ತಿದ್ದೆ, ಲಘು ಗುರು ಹಾಕಿಸುತ್ತಿದ್ದೆ. ನಗುತ್ತಿದ್ದರು. ನಗಲಿ. ಸಹಿ ಹಾಕುವ ಮುಂಚೆ ಹೆಡ್‌ಫೋನ್ ಎತ್ತಿಕೊಳ್ಳುತ್ತಿದ್ದರು, ನನಗೆ ಅಷ್ಟು ಸಾಕಾಗಿತ್ತು.

ವಿಮಾನ ಸುರಕ್ಷಿತವಾಗಿ ಇಳಿದಾಗ ಜನ ಪೈಲಟ್‌ನನ್ನು ನೆನೆಯುತ್ತಾರೆ, ನೆನೆಯಬೇಕಾದದ್ದೇ. ಎಲ್ಲೋ ಗರಸು ನೆಲದಲ್ಲಿ ಕೂತು, ತಾನು ಎಂದೂ ಹತ್ತದ ವಿಮಾನಕ್ಕೆ ದಿನವಿಡೀ ಸರಿಯಾದ ಹೆಸರು ಹೇಳಿದವರನ್ನು ಯಾರೂ ನೆನೆಯುವುದಿಲ್ಲ. ಸಾಹೇಬರು ಜೀವಮಾನದಲ್ಲಿ ಒಮ್ಮೆಯೂ ವಿಮಾನ ಹತ್ತಲಿಲ್ಲ. ನಾನು ಅವರ ಶಿಷ್ಯ ಎಂದು ಹೇಳಿಕೊಳ್ಳುವಾಗ ನನಗೆ ಇಂದಿಗೂ ಎರಡು ಅಂಗುಲ ಎತ್ತರವಾದ ಹಾಗಾಗುತ್ತದೆ.

ನಿವೃತ್ತಿಯಾದ ಮೇಲೆ ಅವರು ಇಂಡಿಯಲ್ಲಿ ಮಗ, ಸೊಸೆ, ಮೊಮ್ಮಕ್ಕಳ ನಡುವೆ ಸುಖವಾಗಿದ್ದರು. ತುಂಬು ವಯಸ್ಸಿನಲ್ಲಿ ತೀರಿಕೊಂಡರು. ಅದಕ್ಕೆ ಎರಡು ದಿನ ಮೊದಲು ನಾನು ಹೋಗಿದ್ದೆ. ಆ ಹೊತ್ತಿಗೆ ದಿನ್ನೆಯ ಠಾಣೆ ಮುಚ್ಚಿ, ಕಂಬಗಳನ್ನು ಇಳಿಸಿ ಎಷ್ಟೋ ಕಾಲವಾಗಿತ್ತು. ವೈನಿ, "ನಾಕು ದಿನಾತು, ಯಾರ ಗುರುತೂ ಹತ್ತವಲ್ದು. ನೀವು ಮಾತಾಡ್ಸಿ ನೋಡ್ರಿ" ಎಂದು ಹಾಸಿಗೆಯ ಪಕ್ಕ ಕುರ್ಚಿ ಹಾಕಿದರು. ಸಾಹೇಬ್ರ ಎಂದು ಕರೆದೆ. ನನ್ನ ಹೆಸರು ಹೇಳಿದೆ. ಏನೂ ಇಲ್ಲ. ಅರ್ಧ ಕಪ್ಪು ಉಗುರಿನ ಬೆರಳು ಚಾದರದ ಮೇಲೆ ಸುಮ್ಮನೆ ಬಿದ್ದಿತ್ತು. ಅದನ್ನು ನೋಡಿಯೇ ನನಗೆ ದುಃಖ ಉಕ್ಕಿ ಬಂತು.

ಏನು ತೋಚಿತೋ, ಕಬ್ಬಿಣದ ಮಂಚದ ಅಂಚಿನ ಮೇಲೆ ನನ್ನ ಬೆರಳಿನಿಂದ ನಮ್ಮ ಠಾಣೆಯ ಹೆಸರನ್ನು ಬಡಿದೆ. ಖಂಡೇ ಪೂಜೆಯ ದಿನ ಅದು ಕೂಗಿದ ಹಾಗೆ, ಬೇಕೆಂದೇ, ತಿರುವುಮುರುವಾಗಿ. ಪಿಪಿಪೀ, ಪಿಪಿ. ಒಂದು ಸಲ, ಎರಡು ಸಲ. ಮೂರನೆಯ ಸಲಕ್ಕೆ ಅವರ ಹುಬ್ಬು ಗಂಟಾಯಿತು. ಕೈ ನಿಧಾನವಾಗಿ ಮೇಲೆದ್ದು ಬಂದು ನನ್ನ ಬೆರಳನ್ನು ಪಕ್ಕಕ್ಕೆ ಸರಿಸಿತು. ಆಮೇಲೆ ಅದೇ ಜಾಗದಲ್ಲಿ ಎರಡು ಸಲ ಮುಟ್ಟಿ ಬಿಟ್ಟಿತು. ತಡೆಯಿತು. ಒಂದು ಸಲ ಒತ್ತಿ ಹಿಡಿಯಿತು, ಬಹಳ ಹೊತ್ತು ಹಿಡಿಯಿತು, ಮತ್ತೆ ಎರಡು ಸಲ ಮುಟ್ಟಿ ಬಿಟ್ಟಿತು. ಕಣ್ಣು ತೆರೆಯಲಿಲ್ಲ. ತುಟಿ ಮಾತ್ರ ಅಲುಗಿದವು.

"ಕೇಳಿದ್ಯಾ, ಮಿಸ್ತ್ರಿ?"

"ಕೇಳೇನ್ರಿ, ಸಾಹೇಬ್ರ," ಎಂದೆ. ಈ ಸಲ ಕೇಳಿಯೇ ಹೇಳಿದ್ದೆ.